ಹಸಿರು ಟೋಪಿ, ಹಳದಿ ಸ್ಕಾರ್ಫು

ಹೇಸ್ಟಿಂಗ್ಸ್
3 ಮಾರ್ಚ್ 1981

ಮಾನ್ಯ ಶ್ರೀಮತಿ ಎನಿಡ್ ಕ್ರಾಬ್‌ಟ್ರೀ ಅವರಿಗೆ,

ನೀವು ನನ್ನನ್ನು ಬಲ್ಲಿರಿ, ಆದರೆ ಈ ಹೆಸರಿನಿಂದಲ್ಲ. ಯುದ್ಧ ಮುಗಿದ ಮರುವರ್ಷ ವೇಕ್‌ಫೀಲ್ಡಿನ ಅನಾಥಾಲಯಕ್ಕೆ ಒಬ್ಬ ಡಾಕ್ಟರು ಹೆಂಡತಿಯ ಜೊತೆ ಬಂದು ಮೂರು ವರ್ಷದ ಮಗುವೊಂದನ್ನು ದತ್ತು ತೆಗೆದುಕೊಂಡು ಹೋದರು. ಆ ಮಗು ನಾನು.

ನನ್ನನ್ನು ಸಾಕಿದ ತಾಯಿ ಹೋದ ನವೆಂಬರಿನಲ್ಲಿ ತೀರಿಕೊಂಡರು. ಅದಕ್ಕೆ ಒಂದು ವಾರ ಮುಂಚೆ ನನ್ನ ಕೈ ಹಿಡಿದುಕೊಂಡು, "ನಿನಗೊಬ್ಬಳು ಅಕ್ಕ ಇದ್ದಳು ಕಣಮ್ಮ. ಅವಳನ್ನೂ ಕರೆದುಕೊಂಡು ಬರಬೇಕಿತ್ತು. ಮನಸ್ಸು ಮಾಡಲಿಲ್ಲ" ಅಂದರು. ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ. ಅನಾಥಾಲಯದ ಹಳೆಯ ಮೇಟ್ರನ್ ಇನ್ನೂ ಇದ್ದಾರೆ. ನೀವು ಅವರಿಗೆ ಪ್ರತಿ ವರ್ಷ ಕ್ರಿಸ್‌ಮಸ್ ಕಾರ್ಡು ಕಳಿಸುತ್ತೀರಂತೆ. ವಿಳಾಸ ಕೊಟ್ಟವರು ಅವರೇ.

ನಾನು ಮದುವೆಯಾಗಿಲ್ಲ, ಮಕ್ಕಳಿಗೆ ಪಿಯಾನೋ ಹೇಳಿಕೊಡುತ್ತೇನೆ. ನಿಮ್ಮಿಂದ ಏನನ್ನೂ ಬೇಡಲು ಬರೆಯುತ್ತಿಲ್ಲ. ಆ ಕಾಲದ್ದು ನನಗೆ ನೆನಪಿರುವುದು ಒಂದೇ: ಯಾರೋ ಕರವಸ್ತ್ರದ ತುದಿಗೆ ಉಗುಳು ಹಚ್ಚಿ ನನ್ನ ಮುಖವನ್ನು ಗಸಗಸ ಒರೆಸುತ್ತಿದ್ದಾರೆ, ನಾನು ಕಿರುಚಿಕೊಳ್ಳುತ್ತಿದ್ದೇನೆ. ಅದು ನೀವೇ ಇರಬಹುದೇ?

ವಿಶ್ವಾಸಿ,
ರೋಸಲಿಂಡ್ ಪೆಟ್ಟಿಫರ್


ಡಾಂಕಾಸ್ಟರ್
19 ಮಾರ್ಚ್ 1981

ಪ್ರಿಯ ಕುಮಾರಿ ಪೆಟ್ಟಿಫರ್,

ನಿಮ್ಮ ಕಾಗದ ತಲುಪಿತು. ಉತ್ತರ ತಡವಾಯಿತು, ಮನೆಗೆ ಸುಣ್ಣಬಣ್ಣ ನಡೆದಿತ್ತು. ಹೌದು, ನಾನೇ. ನಿಮ್ಮನ್ನು ಆಗ ಮಾವಿಸ್ ಎನ್ನುತ್ತಿದ್ದರು. ನನಗೆ ಆಗ ಹನ್ನೊಂದು ವರ್ಷ.

ನೀವು ಚೆನ್ನಾಗಿ ಬೆಳೆದಿರಿ, ಓದಿದಿರಿ, ಪಿಯಾನೋ ಕಲಿತಿರಿ ಎಂದು ತಿಳಿದು ಸಮಾಧಾನ. ನನ್ನ ಗಂಡ ಕ್ಲಿಫರ್ಡ್ ಗ್ಯಾಸ್ ಆಫೀಸಿನಲ್ಲಿ ಗುಮಾಸ್ತರು. ಮಕ್ಕಳಿಲ್ಲ. ಒಂದು ವಿಷಯ ಹೇಳಬೇಕು. ಇಲ್ಲಿ ಬೆಳಗಿನ ಅಂಚೆ ಅವರು ಕೆಲಸಕ್ಕೆ ಹೋದ ಮೇಲೆ ಬರುತ್ತದೆ. ಶನಿವಾರ ಮಾತ್ರ ಮನೆಯಲ್ಲಿರುತ್ತಾರೆ. ಆದ್ದರಿಂದ ದಯವಿಟ್ಟು ಶನಿವಾರ ತಲುಪುವಂತೆ ಬರೆಯಬೇಡಿ.

ಭೇಟಿಯಾಗಬೇಕೆಂದು ನಿಮಗೆ ಅನಿಸಿದರೆ, ನಿಮ್ಮ ಊರೂ ಬೇಡ, ನಮ್ಮ ಊರೂ ಬೇಡ. ಯಾವುದಾದರೂ ಹಳೆಯ ಕೆಥೆಡ್ರಲ್ ಇರುವ ಊರಾದರೆ ಒಳ್ಳೆಯದು. ಅಲ್ಲಿ ಎಲ್ಲರೂ ಕತ್ತೆತ್ತಿ ಗೋಪುರ ನೋಡುತ್ತಿರುತ್ತಾರೆ. ಎರಡು ಹೆಂಗಸರು ಅತ್ತರೂ ಯಾರೂ ತಿರುಗಿ ನೋಡುವುದಿಲ್ಲ.

ಎನಿಡ್ ಕ್ರಾಬ್‌ಟ್ರೀ


ಹೇಸ್ಟಿಂಗ್ಸ್
23 ಮಾರ್ಚ್ 1981

ಪ್ರಿಯ ಶ್ರೀಮತಿ ಕ್ರಾಬ್‌ಟ್ರೀ,

ಕ್ಯಾಂಟರ್ಬರಿ ಆಗಬಹುದೇ? ನನಗೆ ಹತ್ತಿರ, ನಿಮಗೆ ದೂರ, ಅದೊಂದೇ ಸಂಕೋಚ. ದಿನ ನೀವೇ ಹೇಳಿ.

ಶನಿವಾರದ ವಿಷಯ ಅರ್ಥವಾಯಿತು. ನಾನೊಬ್ಬಳು ಇದ್ದೇನೆಂದು ನಿಮ್ಮ ಮನೆಯಲ್ಲಿ ಹೇಳಿಲ್ಲ. ಇರಲಿ, ಮೂವತ್ತೈದು ವರ್ಷ ಇಲ್ಲದವಳು ಇನ್ನಷ್ಟು ದಿನ ಇಲ್ಲದಂತೆ ಇರಬಲ್ಲೆ.

ಕರವಸ್ತ್ರದ ಬಗ್ಗೆ ನೀವು ಏನೂ ಬರೆಯಲಿಲ್ಲ. ಬಹುಶಃ ಅದು ಬೇರೆ ಯಾರೋ.

ರೋಸಲಿಂಡ್ ಪೆಟ್ಟಿಫರ್


ಡಾಂಕಾಸ್ಟರ್
24 ಏಪ್ರಿಲ್ 1981

ಪ್ರಿಯ ಕುಮಾರಿ ಪೆಟ್ಟಿಫರ್,

ಮೇ ಒಂಬತ್ತು, ಶನಿವಾರ. ಚರ್ಚಿನ ಹೆಂಗಸರ ಜೊತೆ ಲಿಂಕನ್ ನೋಡಲು ಹೋಗುತ್ತೇನೆಂದು ಮನೆಯಲ್ಲಿ ಹೇಳಿದ್ದೇನೆ. ನಮ್ಮ ಯಜಮಾನರಿಗೆ ರೈಲ್ವೆ ವೇಳಾಪಟ್ಟಿ ಎಂದರೆ ಪ್ರಾಣ. ಹಾಸಿಗೆಯಲ್ಲೂ ಅದನ್ನೇ ಓದುತ್ತಾರೆ. ನಾನು ಪಕ್ಕದ ಊರಿನ ಸಂತೆಗೆ ಹೊರಟರೂ ಯಾವ ಗಾಡಿ, ಎಲ್ಲಿ ಬದಲಿಸಬೇಕು, ಎಲ್ಲಿ ಕೂರಬೇಕು ಎಂದು ಚೀಟಿ ಬರೆದು ಕೈಗಿಡುವವರು. ಈ ಸಲ, "ಹೆಂಗಸರೆಲ್ಲ ಬಸ್ಸಲ್ಲಿ ಹೋಗ್ತಿದೀವಿ ರೀ" ಅಂದೆ. ಪಾಪ, ಮುಖ ಸಣ್ಣಗಾಯಿತು. ಮದುವೆಯಾದ ಮೇಲೆ ಅವರ ಚೀಟಿಯಿಲ್ಲದೆ ರೈಲು ಹತ್ತುತ್ತಿರುವುದು ಇದೇ ಮೊದಲು. ಆದರೆ ನನಗೂ ಬಾಯಿದೆ, ಕೇಳಿಕೊಂಡು ಬರುತ್ತೇನೆ.

ಹನ್ನೆರಡಕ್ಕೆ ಕ್ಯಾಂಟರ್ಬರಿ ಸ್ಟೇಷನ್ನಿನಲ್ಲಿ, ಹೊರಬಾಗಿಲ ಬಳಿಯ ಬೆಂಚಿನ ಮೇಲೆ ಕೂತಿರುತ್ತೇನೆ. ಹಸಿರು ಟೋಪಿ ಹಾಕಿರುತ್ತೇನೆ. ನೀವೂ ಏನಾದರೂ ಗುರುತು ಹೇಳಿ.

ಎನಿಡ್ ಕ್ರಾಬ್‌ಟ್ರೀ


ಹೇಸ್ಟಿಂಗ್ಸ್
27 ಏಪ್ರಿಲ್ 1981

ಹಳದಿ ಸ್ಕಾರ್ಫು. ಬರುತ್ತೇನೆ. ಖಂಡಿತ ಬರುತ್ತೇನೆ.

ರೋ. ಪೆ.


ಡಾಂಕಾಸ್ಟರ್
12 ಮೇ 1981

ಪ್ರಿಯ ಕುಮಾರಿ ಪೆಟ್ಟಿಫರ್,

ಶನಿವಾರ ಹವೆ ಚೆನ್ನಾಗಿತ್ತು. ಸ್ಟೇಷನ್ನಿನ ಎದುರಿಗೇ ಊರ ಕೋಟೆಗೋಡೆ. ಬಹಳ ಹಳೆಯದಂತೆ, ಅದನ್ನು ಸಾಕಷ್ಟು ಹೊತ್ತು ನೋಡಿದೆ. ಕೆಥೆಡ್ರಲ್‌ವರೆಗೆ ಹೋಗಲು ಆಗಲಿಲ್ಲ.

ಇಂಥ ವಿಷಯಗಳಲ್ಲಿ ಕೊನೆ ಗಳಿಗೆಗೆ ಮನಸ್ಸು ಹಿಂದೆಗೆಯುವುದು ಸಹಜ. ಯಾರದೂ ತಪ್ಪಲ್ಲ. ಹಳೆಯದನ್ನು ಕೆದಕದಿರುವುದೇ ಮೇಲೇನೋ. ನನಗಂತೂ ನಿಮ್ಮ ಮೇಲೆ ಎಳ್ಳಷ್ಟೂ ಬೇಸರವಿಲ್ಲ, ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನಿಮ್ಮ ಹಿತೈಷಿ,
ಎನಿಡ್ ಕ್ರಾಬ್‌ಟ್ರೀ


ಹೇಸ್ಟಿಂಗ್ಸ್
15 ಮೇ 1981

ಪ್ರಿಯ ಶ್ರೀಮತಿ ಕ್ರಾಬ್‌ಟ್ರೀ,

ನಿಮಗೆ ನನ್ನ ಮೇಲೆ ಬೇಸರವಿಲ್ಲವೆಂದು ತಿಳಿದು ಧನ್ಯಳಾದೆ. ಹೌದು, ಹವೆ ಚೆನ್ನಾಗಿತ್ತು. ನಾನೂ ಆಮೇಲೆ ಊರ ಹೆಬ್ಬಾಗಿಲಿನ ಎರಡು ಗೋಪುರಗಳವರೆಗೆ ಎರಡು ಹೆಜ್ಜೆ ನಡೆದು, ನೋಡಿಕೊಂಡು, ವಾಪಸಾದೆ.

ಹಸಿರು ಟೋಪಿ ನಿಮಗೆ ಚೆನ್ನಾಗಿ ಒಪ್ಪುತ್ತದೆ. ಅದೊಂದನ್ನು ಹೇಳಬೇಕೆನಿಸಿತು.

ಇನ್ನು ನೀವು ಶನಿವಾರದ ಅಂಚೆಗೆ ಹೆದರಬೇಕಾಗಿಲ್ಲ. ಸೋಮವಾರದ್ದಕ್ಕೂ ಬೇಡ.

ರೋಸಲಿಂಡ್ ಪೆಟ್ಟಿಫರ್


ಡಾಂಕಾಸ್ಟರ್
20 ಜುಲೈ 1981

ರೋಸಲಿಂಡ್,

ಮೊದಲು ಒಂದು ಪ್ರಶ್ನೆ, ಆಮೇಲೆ ಉಳಿದದ್ದು. ನೀನು ಇಳಿದದ್ದು ಯಾವ ಸ್ಟೇಷನ್ನಿನಲ್ಲಿ?

'ನೀನು' ಅಂದುಬಿಟ್ಟೆ. ಅಳಿಸುವುದಿಲ್ಲ.

ನಿನ್ನ ಕೊನೆಯ ಕಾಗದ ಬಂದಾಗಿನಿಂದ ನಾನು ಮನುಷ್ಯಳಾಗಿರಲಿಲ್ಲ. ಟೋಪಿ ಒಪ್ಪುತ್ತದೆ ಅಂತ ಬರೆದಿದ್ದೆಯಲ್ಲ, ಅದನ್ನು ಎರಡೆರಡು ಸಲ ಓದಿದೆ. ಅಂದರೆ ಇವಳು ಬಂದಿದ್ದಳು, ಎಲ್ಲೋ ಮರೆಯಲ್ಲಿ ನಿಂತು ನೋಡಿದಳು, ಇಂಥ ಕೈ ಒರಟಾದ ಹೆಂಗಸು ನನ್ನ ಒಡಹುಟ್ಟಿದವಳೇ ಅಂತ ಹೊರಟುಹೋದಳು ಅಂದುಕೊಂಡೆ. ನೀನು ಡಾಕ್ಟರ ಮನೆಯ ಮಗಳು, ನಾನು ಹದಿನೈದಕ್ಕೇ ಲಾಂಡ್ರಿ ಸೇರಿದವಳು. ಹಾಗೆ ಅನಿಸಿದ್ದರಲ್ಲಿ ಆಶ್ಚರ್ಯವೇನು? ನಿನ್ನನ್ನು ಬೈದುಕೊಳ್ಳಲೂ ಆಗಲಿಲ್ಲ.

ನಿನ್ನೆ ಭಾನುವಾರದ ಊಟಕ್ಕೆ ಕೂತಿದ್ದೆವು. ನನ್ನ ಯಾರ್ಕ್‌ಶೈರ್ ಪುಡಿಂಗು ಉಬ್ಬಲಿಲ್ಲ. ನಗಬೇಡ, ಈ ಸೀಮೆಯಲ್ಲಿ ಅದು ಸಣ್ಣ ವಿಷಯವಲ್ಲ. ನಮ್ಮ ಅತ್ತೆ ಬದುಕಿದ್ದಾಗ ಅವರೂ ನನ್ನಲ್ಲಿ ಹೆಸರಿಡದೆ ಬಿಟ್ಟದ್ದು ಅದೊಂದಕ್ಕೇ. ಕ್ಲಿಫರ್ಡ್ ಅದನ್ನು ಫೋರ್ಕಿನಲ್ಲಿ ಎತ್ತಿ ಹಿಡಿದು, "ಏನೇ ಇದು, ಪುಡಿಂಗೋ ಚಪ್ಪಲಿ ಅಟ್ಟೆಯೋ?" ಅಂದರು. ನಾನು ಹೋ ಎಂದು ಅತ್ತುಬಿಟ್ಟೆ. ಅವರು ಗಾಬರಿಯಾಗಿ, "ಅಯ್ಯೋ ತಮಾಷೆಗೆ ಅಂದೆ ಕಣೇ, ತಿಂತೀನಿ, ನೋಡು, ತಿಂತಾ ಇದೀನಿ" ಅಂತ ಇಡೀ ತುಂಡನ್ನು ಬಾಯಿಗೆ ತುರುಕಿಕೊಂಡರು.

ಎಲ್ಲ ಹೇಳಿದೆ. ಅನಾಥಾಲಯ, ನೀನು, ಕ್ಯಾಂಟರ್ಬರಿ, ಲಿಂಕನ್ನಿನ ಸುಳ್ಳು, ಎಲ್ಲ. ಮದುವೆಯ ಹೊತ್ತಿಗೆ ನಾನು ಅನಾಥಾಲಯದವಳು ಅಂತ ಗೊತ್ತಾಗಿದ್ದರೆ ಅವರ ತಾಯಿ ಹೊಸಿಲು ತುಳಿಯಲು ಬಿಡುತ್ತಿರಲಿಲ್ಲ. ಹಲ್ ಊರಿನ ಚಿಕ್ಕಮ್ಮ ಸಾಕಿದರು ಅಂತ ಹೇಳಿದ್ದೆ. ಮೇಟ್ರನ್ ಕಾರ್ಡು ಬಂದಾಗಲೆಲ್ಲ ಅದು ಚಿಕ್ಕಮ್ಮನ ಕಾರ್ಡು. ನಾನು ಹೇಳುತ್ತ ಹೋದೆ, ಅವರು ಬಾಯಲ್ಲಿದ್ದದ್ದನ್ನು ಅಗಿಯುವುದನ್ನೂ ಮರೆತು ಕೂತಿದ್ದರು. ಇನ್ನೇನು ಎದ್ದು ಹೋಗುತ್ತಾರೆ ಅಂದುಕೊಂಡೆ.

ಎದ್ದೇ ಹೋದರು. ಕೋಟಿನ ಜೇಬಿನಿಂದ ವೇಳಾಪಟ್ಟಿ ತಂದು ಗ್ರೇವಿ ಬಟ್ಟಲಿನ ಪಕ್ಕ ಬಿಚ್ಚಿಟ್ಟು ಕೇಳಿದರು, "ಈಸ್ಟಾ, ವೆಸ್ಟಾ?"

"ಹಾಗಂದ್ರೇನು ರೀ?"

"ಕ್ಯಾಂಟರ್ಬರಿ ಈಸ್ಟಲ್ಲಿ ಇಳಿದ್ಯಾ, ವೆಸ್ಟಲ್ಲಾ? ಆ ಊರಿಗೆ ಎರಡು ಸ್ಟೇಷನ್ ಕಣೇ. ಊರಿನ ಈ ಕಡೆ ಒಂದು, ಆ ಕಡೆ ಒಂದು. ಒಂದಕ್ಕೊಂದು ಸಂಬಂಧಾನೇ ಇಲ್ಲ."

ನಾನು ಕುರ್ಚಿ ಎಳೆದುಕೊಂಡು ಅವರ ಪಕ್ಕಕ್ಕೆ ಬಂದೆ.

"ವಿಕ್ಟೋರಿಯಾ ಸ್ಟೇಷನ್ನಿಂದ ಹೋದ್ಯಾ?" ಅಂದರು.

"ಹೂಂ."

"ಎದುರಿಗೆ ಕೋಟೆಗೋಡೆ ಇತ್ತಾ?"

"ಅದನ್ನೇ ನೋಡ್ತಾ ಕೂತಿದ್ದೆ."

"ಹಾಗಾದ್ರೆ ಈಸ್ಟು. ಅವಳು ಹೇಸ್ಟಿಂಗ್ಸಿಂದ ಬರೋಳು. ಆಶ್ಫರ್ಡಲ್ಲಿ ಗಾಡಿ ಬದಲಾಯಿಸಿದ್ರೆ ಇಳಿಸೋದು ವೆಸ್ಟಲ್ಲಿ. ಅವಳೇನಾದ್ರೂ ನೋಡಿದೆ ಅಂತ ಬರೆದಿದಾಳಾ?"

"ಹೆಬ್ಬಾಗಿಲಿನ ಗೋಪುರ ಅಂತ ಬರೆದಿದಾಳೆ."

"ಅದು ವೆಸ್ಟಿನ ಹತ್ರಾನೇ ಇರೋದು. ಮುಗೀತಲ್ಲ! ಇಬ್ಬರೂ ಬಂದಿದೀರಿ, ಇಬ್ಬರೂ ಕಾದಿದೀರಿ, ಇಬ್ಬರೂ ಮನೆಗೆ ಹೋಗಿ ಹವೆ ಚೆನ್ನಾಗಿತ್ತು ಅಂತ ಬರೆದಿದೀರಿ!"

"ಆದ್ರೆ ಟೋಪಿ? ಟೋಪಿ ನೋಡಿದೀನಿ ಅಂತಾಳಲ್ಲ ರೀ?"

"ಇಡೀ ಇಂಗ್ಲೆಂಡಲ್ಲಿ ಹಸಿರು ಟೋಪಿ ನೀನೊಬ್ಬಳೇ ಕೊಂಡಿರೋದಾ? ಮೇ ತಿಂಗಳ ಶನಿವಾರ ಕೆಥೆಡ್ರಲ್ ನೋಡೋಕೆ ಬರೋ ಹೆಂಗಸರ ತಲೆ ನೋಡಿದೀಯಾ? ಬಟಾಣಿ ಹೊಲ ಇದ್ದ ಹಾಗಿರುತ್ತೆ."

ನಾನು ನಕ್ಕೆನೋ ಅತ್ತೆನೋ ಗೊತ್ತಿಲ್ಲ. ಆಮೇಲೆ, ನಾನು ಮುಚ್ಚಿಟ್ಟ ವಿಷಯಕ್ಕೆ ಕೋಪವಿಲ್ಲವೇ ಅಂತ ಕೇಳಿದೆ. ಅವರು ವೇಳಾಪಟ್ಟಿಯಿಂದ ತಲೆಯೆತ್ತಲಿಲ್ಲ. "ನಿನ್ನ ಹಲ್ ಚಿಕ್ಕಮ್ಮನ ಕಾರ್ಡಿನ ಮೇಲೆ ಯಾವತ್ತೂ ವೇಕ್‌ಫೀಲ್ಡ್ ಅಂಚೆ ಮುದ್ರೆ. ನಾನು ಮುದ್ರೆ ನೋಡದೆ ಇರ್ತೀನಾ?" ಅಂದರು.

"ಮತ್ತೆ ಕೇಳಲಿಲ್ಲ ಯಾಕೆ?"

"ಕೇಳಿದ್ರೆ ನೀನು ಇನ್ನೊಂದು ಸುಳ್ಳು ಹೇಳಬೇಕಾಗ್ತಿತ್ತು. ಪಾಪ, ನಿನಗೆ ಸುಳ್ಳು ಹೇಳೋಕೆ ಬರಲ್ಲ."

ಇಂಥವರ ಜೊತೆ ಇಪ್ಪತ್ತನಾಲ್ಕು ವರ್ಷ ಹೆದರಿಕೊಂಡು ಬಾಳಿದೆನಲ್ಲ, ನನ್ನ ಬುದ್ಧಿಗಿಷ್ಟು!

ಈಗ ಕರವಸ್ತ್ರ. ಅದು ನಾನೇ. ಡಾಕ್ಟರ ಮನೆಯವರು ಮಗು ನೋಡಲು ಬರುತ್ತಾರೆ ಅಂತ ಗೊತ್ತಾದಾಗ ನಿನ್ನ ಮುಖದ ತುಂಬ ಸಕ್ಕರೆ ಪಾಕ ಮೆತ್ತಿತ್ತು. ಕೊಳಕಾಗಿದ್ದರೆ ನಿನ್ನನ್ನು ಬೇಡ ಅನ್ನುತ್ತಾರೆ ಅಂತ ನನಗೆ ಭಯ. ಹಾಗಾಗಿ ತಿಕ್ಕಿದೆ, ನೀನು ಕಿರುಚಿದರೂ ಬಿಡದೆ ತಿಕ್ಕಿದೆ, ತಲೆ ಬಾಚಿದೆ. ನೀನು ಚೆಂದ ಕಂಡೆ. ಕರೆದುಕೊಂಡು ಹೋದರು. ನನ್ನ ಕೈಯಾರೆ ನಿನ್ನನ್ನು ಒಪ್ಪ ಮಾಡಿ ಕಳಿಸಿಕೊಟ್ಟೆ. ಅದನ್ನು ಕಾಗದದಲ್ಲಿ ಹೇಗೆ ಬರೆಯಲಿ, ಹೇಳು? ಅದಕ್ಕೇ ಸುಣ್ಣಬಣ್ಣ ಅಂತ ಬರೆದೆ. ಯಾವ ಸುಣ್ಣಬಣ್ಣವೂ ಇರಲಿಲ್ಲ.

ಈಸ್ಟಾ, ವೆಸ್ಟಾ? ಬೇಗ ಬರೆ.

ಎನಿಡ್


ಹೇಸ್ಟಿಂಗ್ಸ್
22 ಜುಲೈ 1981

ಎನಿಡ್ ಅವರೇ,

ವೆಸ್ಟ್! ವೆಸ್ಟ್! ವೆಸ್ಟ್!

ಪಾಠಕ್ಕೆ ಬಂದ ಹುಡುಗಿ ತಪ್ಪು ತಪ್ಪು ಬಾರಿಸುತ್ತಿದ್ದಾಳೆ, ನಾನು ಭೇಷ್ ಭೇಷ್ ಅನ್ನುತ್ತ ಪಕ್ಕದಲ್ಲೇ ಇದನ್ನು ಬರೆಯುತ್ತಿದ್ದೇನೆ. ಇವತ್ತು ಯಾರು ಏನು ಬಾರಿಸಿದರೂ ನನಗೆ ಇಂಪಾಗಿಯೇ ಕೇಳುತ್ತದೆ.

ಆ ಇನ್ನೊಬ್ಬ ಹೆಂಗಸಿನ ಕಥೆ ಕೇಳಿ. ಅವಳೂ ಬೆಂಚಿನ ಮೇಲೆಯೇ ಕೂತಿದ್ದಳು. ಹಸಿರು ಟೋಪಿ. ನಾನು ಎದುರು ನಿಂತು ಸ್ಕಾರ್ಫು ಸರಿಮಾಡಿಕೊಂಡೆ. ಅವಳು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಚೀಲ ಎತ್ತಿಕೊಂಡು, ಸರಸರ ಹೊರಟೇಹೋದಳು. ಕೂಗಿ ಕರೆಯಬಹುದಿತ್ತು. ನಮ್ಮ ಮನೆಯಲ್ಲಿ ಬೆಳೆದವರು ಸ್ಟೇಷನ್ನಿನಲ್ಲಿ ಕೂಗುತ್ತಾರೆಯೇ? ಹೆಬ್ಬಾಗಿಲಿನವರೆಗೆ ಅವಳ ಹಿಂದೆ ನಡೆದೆ, ಅಲ್ಲಿ ಮಾನ ಅಡ್ಡ ಬಂತು, ನಿಂತೆ. ಎರಡು ತಿಂಗಳು ಆ ಅಪರಿಚಿತೆಯನ್ನು ನಿಮ್ಮ ಹೆಸರಿನಲ್ಲಿ ದ್ವೇಷಿಸಿದ್ದೇನೆ. ಪಾಪದವಳು, ನನ್ನನ್ನು ಯಾರೆಂದುಕೊಂಡಳೋ!

ನನಗೆ ಇದ್ದದ್ದು ಅದೊಂದೇ ನೆನಪು, ಅದನ್ನು ಇಷ್ಟು ದಿನ ಕೆಟ್ಟ ನೆನಪು ಅಂತ ಇಟ್ಟುಕೊಂಡಿದ್ದೆ. ನೀವು ಕಳಿಸಿಕೊಡಲಿಲ್ಲ. ಹನ್ನೊಂದು ವರ್ಷದ ಮಗುವಿನ ಕೈಲಿ ಒಂದು ಕರವಸ್ತ್ರ ಬಿಟ್ಟು ಇನ್ನೇನೂ ಇರಲಿಲ್ಲ, ಅದರಲ್ಲಿ ಆದದ್ದನ್ನೆಲ್ಲ ಮಾಡಿದಿರಿ.

ಯಾವ ಊರು? ಯಾವತ್ತು? ಕ್ಲಿಫರ್ಡ್ ಅವರನ್ನೇ ಕೇಳಿ!

ರೋಸಲಿಂಡ್


ಡಾಂಕಾಸ್ಟರ್
14 ಆಗಸ್ಟ್ 1981

ರೋಸಲಿಂಡ್,

ಕೇಳಿ ಅಂದೆಯಲ್ಲ, ಅನುಭವಿಸು. ಮೂರು ವಾರದಿಂದ ಈ ಮನೆಯಲ್ಲಿ ಬೇರೆ ಮಾತಿಲ್ಲ. ಲಿಂಕನ್? "ಬೇಡ, ಎರಡು ಸ್ಟೇಷನ್." ವುಸ್ಟರ್? "ಎರಡು." ಎಕ್ಸಿಟರ್? "ಅಲ್ಲಿ ಇನ್ನೂ ಜಾಸ್ತಿ! ನಿಮ್ಮಿಬ್ಬರ ಕೈಗೆ ಎಕ್ಸಿಟರ್ ಕೊಟ್ಟರೆ ಮುಗೀತು." ಕೊನೆಗೆ ಡರ್ಹಮ್. ಒಂದೇ ಸ್ಟೇಷನ್, ಗುಡ್ಡದ ಮೇಲೆ, ಇಳಿದರೆ ಎದುರಿಗೇ ಕೆಥೆಡ್ರಲ್. ಒಂದೇ ಅಂತ ನಾನೂ ಸ್ಟೇಷನ್ನಿಗೆ ಹೋಗಿ ಕೇಳಿಕೊಂಡು ಬಂದೆ. ಕ್ಲಿಫರ್ಡ್‌ಗೆ ಸ್ವಲ್ಪ ಬೇಸರವಾಯಿತು.

ಆಮೇಲೆ ರಾತ್ರಿ ಹಾಸಿಗೆಯಲ್ಲಿ ಥಟ್ಟನೆ ಎದ್ದು ಕೂತು, "ಅಲ್ವೇ, ಡರ್ಹಮ್ ಬರೋವರೆಗೆ ಯಾಕೆ ಕಾಯಬೇಕು? ಅವಳ ಗಾಡಿ ಡಾಂಕಾಸ್ಟರ್ ಮೇಲೇ ಹೋಗತ್ತೆ! ಅವಳು ಕೂತಿರೋ ಡಬ್ಬಿಗೇ ನಿನ್ನ ಹತ್ತಿಸ್ತೀನಿ. ಅವಳ ಎದುರಿನ ಸೀಟು. ಚಲಿಸೋ ರೈಲಲ್ಲಿ ಅದು ಹೇಗೆ ತಪ್ಪಿಸಿಕೊಳ್ತೀರೋ ನೋಡ್ತೀನಿ" ಅಂದರು.

ಸೆಪ್ಟೆಂಬರ್ ಐದು, ಶನಿವಾರ. ಸೀಟು ಕಾದಿರಿಸಿದ್ದಾರೆ. ನಿನ್ನದು ಕಿಟಕಿ ಪಕ್ಕ, ಗಾಡಿ ಹೋಗುವ ಕಡೆಗೆ ಮುಖ. ಅವರ ಚೀಟಿ ಇದರ ಜೊತೆ ಇದೆ. ಮೂರು ಸಲ ಅಡಿಗೆರೆ ಎಳೆದದ್ದೆಲ್ಲ ಅವರದೇ.

ಹಸಿರು ಟೋಪಿಯನ್ನು ಚರ್ಚಿನ ಹಳೆ ಬಟ್ಟೆ ಮಾರಾಟಕ್ಕೆ ಕೊಟ್ಟುಬಿಟ್ಟಿದ್ದೆ. ಬರಿತಲೆಯಲ್ಲಿ ಬರುತ್ತೇನೆ. ಕೂದಲು ನೆರೆತಿದೆ, ಹೆದರಬೇಡ.

ಎನಿಡ್


ಹೇಸ್ಟಿಂಗ್ಸ್
7 ಸೆಪ್ಟೆಂಬರ್ 1981

ಅಕ್ಕ,

ಹೋಗಿಬಂದ ಮೇಲೆ ಧನ್ಯವಾದದ ಕಾಗದ ಬರೆಯಬೇಕೆಂದು ನನ್ನನ್ನು ಬೆಳೆಸಿದ್ದಾರೆ. ಬರೆಯುತ್ತಿದ್ದೇನೆ. ಆದರೆ ನಿನಗೆ ಗೊತ್ತಿಲ್ಲದ್ದನ್ನು ಮಾತ್ರ.

ಪೀಟರ್‌ಬರೋ ದಾಟುವವರೆಗೆ ನಾನು ಧೈರ್ಯವಾಗಿಯೇ ಇದ್ದೆ. ಆಮೇಲೆ ಆಗಲಿಲ್ಲ. ಹಳದಿ ಸ್ಕಾರ್ಫು ಬಿಚ್ಚಿ ಚೀಲಕ್ಕೆ ತುರುಕಿದೆ. ಇಷ್ಟವಾಗದಿದ್ದರೆ ನಾನು ಬೇರೆ ಯಾರೋ ಆಗಿಬಿಡಬಹುದಲ್ಲ. ಡಾಂಕಾಸ್ಟರ್ ಬರುವಾಗ ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಳ್ಳಲು ಎದ್ದಿದ್ದೆ, ದೇವರಾಣೆಗೂ. ಅಷ್ಟರಲ್ಲಿ ಕಿಟಕಿಯ ಹೊರಗೆ, ಗಾಡಿಯ ಜೊತೆಜೊತೆಗೇ ಓಡುತ್ತ, ಒಂದೊಂದೇ ಡಬ್ಬಿಯ ನಂಬರು ಗಟ್ಟಿಯಾಗಿ ಓದುತ್ತ ಬರುತ್ತಿದ್ದ ಕನ್ನಡಕದ ಮನುಷ್ಯನನ್ನು ಕಂಡೆ. ಅವರ ಒಂದು ಕೈ ನಿನ್ನ ತೋಳನ್ನು ಹಿಡಿದು ಎಳೆಯುತ್ತಿತ್ತು. ನೀನು, "ನಿಧಾನ ರೀ, ನಾನೇನು ಸಾಮಾನಾ?" ಅನ್ನುತ್ತಿದ್ದೆ. ನಗು ಬಂತು. ನಕ್ಕ ಮೇಲೆ ಓಡಿಹೋಗಲು ಆಗಲಿಲ್ಲ. ಸ್ಕಾರ್ಫು ಮತ್ತೆ ಸುತ್ತಿಕೊಂಡೆ.

ಭಾವ ನಿನ್ನನ್ನು ಸೀಟಿನವರೆಗೆ ತಂದು, ಟೋಪಿ ತೆಗೆದು, "ಇವಳು ಎನಿಡ್. ಇನ್ನು ನಿಮ್ಮ ಜವಾಬ್ದಾರಿ" ಅಂತ ಹೇಳಿ ಇಳಿದುಹೋದರಲ್ಲ, ಆಗ ನೀನು ನನ್ನನ್ನು ನೋಡುತ್ತಿದ್ದೆ, ನಾನು ಕಿಟಕಿಯಲ್ಲಿ ಅವರನ್ನು ನೋಡುತ್ತಿದ್ದೆ. ಪ್ಲಾಟ್‌ಫಾರ್ಮಿನ ಕಂಬದ ಹಿಂದೆ ನಿಂತು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಹೇಳಬೇಡ ಅವರಿಗೆ, ನಾನು ನೋಡಿದೆ ಅಂತ.

ಇನ್ನು ಜಾಮ್ ಬನ್ನಿನ ವಿಷಯ. ಮೂವತ್ತೆಂಟು ವರ್ಷದ ಪಿಯಾನೋ ಟೀಚರ್ ನಾನು. ಗದ್ದಕ್ಕೆ ಜಾಮ್ ಮೆತ್ತಿದ್ದರೆ "ಮೆತ್ತಿದೆ" ಅಂತ ಹೇಳಿದರೆ ಸಾಕಿತ್ತು. ನೀನು ಯಾರ್ಕ್ ಬರುವ ಮೊದಲೇ ಕರವಸ್ತ್ರದ ತುದಿಗೆ ಉಗುಳು ಹಚ್ಚಿ, ಪಕ್ಕದ ಸಾಲಿನ ಪಾದ್ರಿಗಳು ನೋಡುತ್ತಿರುವಂತೆಯೇ, ಗಸಗಸ ತಿಕ್ಕಿದೆ. ಅವರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು. ಈ ಸಲ ನಾನು ಯಾಕೆ ಕಿರುಚಲಿಲ್ಲ ಅಂತ ನೀನು ಕೇಳಿದೆ, ಉತ್ತರ ಇಲ್ಲಿದೆ ಅಕ್ಕ. ಅದೇ ಕೈ. ಅಷ್ಟೇ ಜೋರು. ನನ್ನ ಚರ್ಮಕ್ಕೆ ಗುರುತು ಸಿಕ್ಕಿತು.

ನಿನ್ನ ತಂಗಿ,
ರೋಸಲಿಂಡ್ (ಮಾವಿಸ್ ಅಂದರೂ ಓಗೊಡುತ್ತೇನೆ)


ಡಾಂಕಾಸ್ಟರ್
10 ಸೆಪ್ಟೆಂಬರ್ 1981

ಮಾವಿಸ್ ಪುಟ್ಟಿ,

ಮನೆಗೆ ಬಂದ ಕೂಡಲೇ ನಿನ್ನ ಭಾವ ಕೇಳಿದ ಮೊದಲ ಪ್ರಶ್ನೆ, "ಕೆಥೆಡ್ರಲ್ ಹೇಗಿತ್ತು?" ನಾನು, "ಯಾವ ಕೆಥೆಡ್ರಲ್?" ಅಂದೆ. ಆಗ ನೆನಪಾಯಿತು. ಇಡೀ ದಿನ ಹೊಳೆದಂಡೆಯ ಬೆಂಚಿನ ಮೇಲೆ ಅದಕ್ಕೆ ಬೆನ್ನು ಹಾಕಿ ಕೂತು ಮಾತಾಡಿದ್ದೇವೆ. ಅವರು ತಲೆ ಚಚ್ಚಿಕೊಂಡರು. "ಒಂಬೈನೂರು ವರ್ಷದಿಂದ ನಿಂತಿದೆ ಕಣೇ ಅದು! ಅಲ್ಲಿಗೆ ಹೋಗಿ ಅದನ್ನ ನೋಡದೆ ಬಂದೋರು ನೀವಿಬ್ಬರೇ ಇರಬೇಕು!" ಅಂದರು. ಹಾಗಾಗಿ ಇನ್ನೊಮ್ಮೆ ಹೋಗಲೇಬೇಕು. ಒಂದೇ ಸ್ಟೇಷನ್ನಿನ ಊರುಗಳನ್ನಷ್ಟೇ ಆರಿಸಿಟ್ಟಿದ್ದಾರೆ. ನಮ್ಮ ಆಯಸ್ಸಿಗೆ ಸಾಲುತ್ತವೆ.

ಕ್ಯಾಂಟರ್ಬರಿಯನ್ನು ಮಾತ್ರ ನಾನು ಬಿಡುವುದಿಲ್ಲ. ಮೇ ತಿಂಗಳಲ್ಲಿ ಹಿಂದಿನ ದಿನವೇ ನಿನ್ನ ಮನೆಗೆ ಬಂದು, ನಿನ್ನ ಜೊತೆಗೇ ಹೊರಟು, ನಿನ್ನ ವೆಸ್ಟಿನಲ್ಲೇ ಇಳಿಯುತ್ತೇನೆ.

ಇನ್ನೊಂದು ಮಾತು. ಇನ್ನು ಮೇಲೆ ಕಾಗದ ಶನಿವಾರವೇ ತಲುಪುವಂತೆ ಹಾಕು. ಬಾಗಿಲ ಬಳಿ ಬಿದ್ದದ್ದನ್ನು ಕ್ಲಿಫರ್ಡ್ ಎತ್ತಿಕೊಂಡು, ಮುದ್ರೆ ನೋಡಿ, "ಏನೇ, ನಿನ್ನ ತಂಗಿ ಬರೆದಿದಾಳೆ ಕಣೇ!" ಅಂತ ಬೀದಿಗೆಲ್ಲ ಕೇಳುವಂತೆ ಕೂಗಬೇಕು. ಅದನ್ನು ನಾನು ಅಡುಗೆಮನೆಯಲ್ಲಿ ನಿಂತು ಕೇಳಬೇಕು.

ನಿನ್ನ ಅಕ್ಕ,
ಎನಿಡ್